ಕಪ್ಪು ಕಾಲೇಜುಗಳ ಮೈದಾನದಿಂದ ಸೂಪರ್ ಬೌಲ್‌ವರೆಗೆ: ಬಿಲ್ ನನ್ ಕಟ್ಟಿಕೊಟ್ಟ ತಂಡ

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಪಿಟ್ಸ್‌ಬರ್ಗ್ ಉಕ್ಕಿನ ಕಾರ್ಖಾನೆಗಳಿಗೆ ಹೆಸರಾದ ನಗರ. 1933ರಲ್ಲಿ ಆರ್ಟ್ ರೂನಿ ಎಂಬುವರು ಅಲ್ಲೊಂದು ವೃತ್ತಿಪರ ಫುಟ್‌ಬಾಲ್ ತಂಡ ಕಟ್ಟಿದರು. ಮೊದಲು ಅದರ ಹೆಸರು ಪೈರೇಟ್ಸ್, 1940ರಿಂದ ಸ್ಟೀಲರ್ಸ್. ಹೆಸರು ಬದಲಾದರೂ ಹಣೆಬರಹ ಬದಲಾಗಲಿಲ್ಲ. 1971 ಮುಗಿಯುವ ತನಕ ಈ ತಂಡ ಪ್ರಶಸ್ತಿಯ ಹಂತದ ಪಂದ್ಯಕ್ಕೆ ಅರ್ಹತೆ ಪಡೆದದ್ದು ಒಂದೇ ಸಲ, 1947ರಲ್ಲಿ. ಆ ಪಂದ್ಯವನ್ನೂ ಫಿಲಡೆಲ್ಫಿಯಾ ಈಗಲ್ಸ್ ತಂಡಕ್ಕೆ 21-0ರಿಂದ ಸೋತಿತು. ಆಟಗಾರರನ್ನು ಗುರುತಿಸುವುದರಲ್ಲಂತೂ ಈ ತಂಡ ಎಡವಿದ್ದೇ ಹೆಚ್ಚು. 1955ರಲ್ಲಿ ಪಿಟ್ಸ್‌ಬರ್ಗ್‌ನವರೇ ಆದ ಜಾನಿ ಯುನೈಟಸ್ ಎಂಬ ತರುಣನನ್ನು ಒಂದು ಪಂದ್ಯವನ್ನೂ ಆಡಿಸದೆ ಮನೆಗೆ ಕಳಿಸಿತು. ಯುನೈಟಸ್ ಬಾಲ್ಟಿಮೋರ್ ಸೇರಿ ಆ ಕಾಲದ ಮಹಾನ್ ಆಟಗಾರರಲ್ಲಿ ಒಬ್ಬರಾದರು.

ಇದೇ ಸ್ಟೀಲರ್ಸ್ 1975ರ ಜನವರಿಯಿಂದ 1980ರ ಜನವರಿಯೊಳಗೆ ನಾಲ್ಕು ಸಲ ಸೂಪರ್ ಬೌಲ್ ಗೆದ್ದಿತು. ಸೋಲಿಗೇ ಒಗ್ಗಿಹೋಗಿದ್ದ ತಂಡ ಇಷ್ಟು ಬೇಗ ದೇಶದ ಮೊದಲ ತಂಡವಾದದ್ದು ಹೇಗೆ? ಈ ಕತೆ ಹೇಳುವವರು ಸಾಮಾನ್ಯವಾಗಿ 1969ರಲ್ಲಿ ಬಂದ ಕೋಚ್ ಚಕ್ ನೊಲ್ ಅವರಿಂದ ಶುರುಮಾಡುತ್ತಾರೆ. ಟೆರ್ರಿ ಬ್ರ್ಯಾಡ್‌ಶಾ, ಜೋ ಗ್ರೀನ್, ಫ್ರಾಂಕೊ ಹ್ಯಾರಿಸ್ ಎಂಬ ಮೂವರು ಆಟಗಾರರ ಹೆಸರು ತಪ್ಪದೆ ಬರುತ್ತದೆ. ಅವರೆಲ್ಲರ ಪಾಲು ದೊಡ್ಡದು, ನಿಜ. ಆದರೆ ಈ ಗೆಲುವಿನ ಒಂದು ಮುಖ್ಯ ಬೇರು ಕಪ್ಪು ಜನರು ನಡೆಸುತ್ತಿದ್ದ ಒಂದು ವಾರಪತ್ರಿಕೆಯ ಕಚೇರಿಯಲ್ಲಿತ್ತು. ಅಲ್ಲಿ ಕ್ರೀಡಾ ಪುಟ ನೋಡಿಕೊಳ್ಳುತ್ತಿದ್ದ ಬಿಲ್ ನನ್ ಮುಂದೆ ಸ್ಟೀಲರ್ಸ್ ತಂಡದ ಆಟಗಾರರ ವಿಭಾಗದ ಅಧಿಕಾರಿಯಾದರು. ದೇಶದ ಎಷ್ಟೋ ಪ್ರತಿಭೆಗೆ ಬೆನ್ನುಹಾಕಿ ಕೂತಿದ್ದ ಒಂದು ಉದ್ಯಮಕ್ಕೆ ಆ ಪ್ರತಿಭೆ ಇರುವ ಊರುಗಳ ದಾರಿ ತೋರಿಸಿದವರಲ್ಲಿ ಅವರು ಪ್ರಮುಖರು.

ಸರದಿಯ ಆಟ

ಅವರ ಕೆಲಸದ ಬೆಲೆ ತಿಳಿಯಬೇಕಾದರೆ ಅಮೆರಿಕನ್ ಫುಟ್‌ಬಾಲ್‌ನ ಒಂದು ವ್ಯವಸ್ಥೆಯನ್ನು ಅರಿತಿರಬೇಕು. ಇದು ನಾವು ಫುಟ್‌ಬಾಲ್ ಎಂದು ಕರೆಯುವ ಆಟವಲ್ಲ. ತಂಡಕ್ಕೆ ಹನ್ನೊಂದು ಮಂದಿ, ಎರಡು ತುದಿ ಚೂಪಾದ ಚೆಂಡು. ಅದನ್ನು ಹಿಡಿದು ಓಡಬೇಕು, ಇಲ್ಲವೇ ಎಸೆಯಬೇಕು. ಎದುರಾಳಿ ಓಡುವವನನ್ನು ನೆಲಕ್ಕೆ ಕೆಡವಬೇಕು. ಚೆಂಡು ಎಸೆದು ದಾಳಿ ನಡೆಸುವವ ಕ್ವಾರ್ಟರ್‌ಬ್ಯಾಕ್. ಎನ್‌ಎಫ್‌ಎಲ್ ಎಂಬ ಲೀಗಿನ ತಂಡಗಳು ಋತುವಿಡೀ ಸೆಣಸಿ ಕೊನೆಗೆ ಸೂಪರ್ ಬೌಲ್‌ನಲ್ಲಿ ಪ್ರಶಸ್ತಿ ತೀರ್ಮಾನವಾಗುತ್ತದೆ.

ಹೊಸ ಆಟಗಾರರು ಬರುವುದು ಕಾಲೇಜು ತಂಡಗಳಿಂದ. ವರ್ಷಕ್ಕೊಮ್ಮೆ ಡ್ರಾಫ್ಟ್ ಎಂಬ ಆಯ್ಕೆ ನಡೆಯುತ್ತದೆ. ಅಲ್ಲಿ ಹರಾಜಿಲ್ಲ, ಸರದಿ ಇದೆ. ಹಿಂದಿನ ವರ್ಷ ಕೊನೆಯಲ್ಲಿದ್ದ ತಂಡ ಮೊದಲು ಒಬ್ಬನನ್ನು ಆರಿಸುತ್ತದೆ, ಗೆದ್ದ ತಂಡ ಕೊನೆಗೆ. ಹೀಗೆ ಸುತ್ತಿನ ಮೇಲೆ ಸುತ್ತು. 1970ರ ದಶಕದ ಮೊದಲ ವರ್ಷಗಳಲ್ಲಿ ಹದಿನೇಳು ಸುತ್ತುಗಳಿದ್ದವು. ದುಡ್ಡು ಎಷ್ಟಿದ್ದರೂ ಸರದಿ ದಾಟುವಂತಿಲ್ಲ. ಹಾಗಾಗಿ ಯಾವ ಕಾಲೇಜಿನಲ್ಲಿ ಯಾರಿದ್ದಾರೆ, ಅವರ ಓಟ ಎಷ್ಟು, ಎದೆಗಾರಿಕೆ ಎಷ್ಟು ಎಂದು ಬೇರೆಯವರಿಗಿಂತ ಮೊದಲೇ ತಿಳಿದವರಿಗೇ ಮೇಲುಗೈ. ಆ ತಿಳಿವಳಿಕೆ ತರುವವರು ಸ್ಕೌಟ್‌ಗಳು. ನೂರಾರು ಕಾಲೇಜು ಸುತ್ತಿ, ಆಟ ನೋಡಿ, ತರಬೇತುದಾರರ ಜತೆ ಮಾತಾಡಿ ವರದಿ ಬರೆಯುವುದು ಅವರ ಕೆಲಸ.

1960ರ ದಶಕದವರೆಗೂ ಎನ್‌ಎಫ್‌ಎಲ್ ಸ್ಕೌಟ್‌ಗಳ ಕಾರುಗಳು ಹೆಚ್ಚಾಗಿ ತಿರುಗದ ಒಂದು ರಸ್ತೆ ಇತ್ತು. ಅದು ಕಪ್ಪು ವಿದ್ಯಾರ್ಥಿಗಳ ಕಾಲೇಜುಗಳಿಗೆ ಹೋಗುವ ರಸ್ತೆ.

ಬಣ್ಣದ ಬೇಲಿ

ಈ ಕಾಲೇಜುಗಳು ಹುಟ್ಟಿದ್ದೇ ವರ್ಣಭೇದದಿಂದ. ಗುಲಾಮಗಿರಿ ಹೋದ ಮೇಲೂ ದಕ್ಷಿಣದ ರಾಜ್ಯಗಳು ಕಪ್ಪು ವಿದ್ಯಾರ್ಥಿಗಳನ್ನು ತಮ್ಮ ಸರ್ಕಾರಿ ವಿಶ್ವವಿದ್ಯಾಲಯಗಳಿಗೆ ಸೇರಿಸಿಕೊಳ್ಳುತ್ತಿರಲಿಲ್ಲ. 1890ರಲ್ಲಿ ಒಕ್ಕೂಟ ಸರ್ಕಾರ ಎರಡನೆಯ ಮೊರಿಲ್ ಕಾಯ್ದೆ ತಂದಿತು. ಕಪ್ಪು ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳಬೇಕು, ಇಲ್ಲವಾದರೆ ಅವರಿಗಾಗಿ ಬೇರೆ ಕಾಲೇಜು ನಡೆಸಬೇಕು, ಆಗ ಮಾತ್ರ ಅನುದಾನ ಎಂಬುದು ಅದರ ನಿಯಮ. ರಾಜ್ಯಗಳು ಬೇರೆ ಕಾಲೇಜಿನ ದಾರಿ ಹಿಡಿದವು. ಅಲಬಾಮಾ ಎ ಅಂಡ್ ಎಂ, ಲೂಸಿಯಾನಾದ ಸದರ್ನ್, ಸೌತ್ ಕ್ಯಾರೊಲಿನಾ ಸ್ಟೇಟ್, ಅರ್ಕನ್ಸಾದ ಎಎಂ ಅಂಡ್ ಎನ್, ವೆಸ್ಟ್ ವರ್ಜೀನಿಯಾ ಸ್ಟೇಟ್ ಎಲ್ಲವೂ ಈ ಕಾಯ್ದೆಯ ಅನುದಾನ ಪಡೆದು ಬೆಳೆದವು. ಕಪ್ಪು ಕಾಲೇಜುಗಳ ನಡುವಿನ ಮೊದಲ ಫುಟ್‌ಬಾಲ್ ಪಂದ್ಯ 1892ರ ಡಿಸೆಂಬರಿನಲ್ಲೇ ನಾರ್ತ್ ಕ್ಯಾರೊಲಿನಾದ ಸಾಲ್ಸ್‌ಬರಿಯಲ್ಲಿ ನಡೆದಿತ್ತು. ಲೂಸಿಯಾನಾದ ಗ್ರ್ಯಾಂಬ್ಲಿಂಗ್ ಕಾಲೇಜಿನಲ್ಲಿ 1941ರಲ್ಲಿ ಕೋಚ್ ಆದ ಎಡ್ಡಿ ರಾಬಿನ್ಸನ್ 1997ರವರೆಗೆ ಅಲ್ಲೇ ಇದ್ದು 408 ಪಂದ್ಯ ಗೆಲ್ಲಿಸಿದರು. ಆಟ ಅಷ್ಟು ಎತ್ತರದ್ದಾಗಿತ್ತು, ಆದರೆ ಹೊರಗಿನವರು ನೋಡುತ್ತಿರಲಿಲ್ಲ.

ವೃತ್ತಿಪರ ಲೀಗ್ ಕೂಡ ಬೇಲಿ ಹಾಕಿಕೊಂಡೇ ಕೂತಿತ್ತು. 1934ರಿಂದ 1945ರವರೆಗೆ ಎನ್‌ಎಫ್‌ಎಲ್‌ನಲ್ಲಿ ಒಬ್ಬ ಕಪ್ಪು ಆಟಗಾರನೂ ಆಡಲಿಲ್ಲ. ಲಿಖಿತ ನಿಯಮವೇನೂ ಇರಲಿಲ್ಲ. ಮಾಲೀಕರ ಒಳ ಒಪ್ಪಂದವೇ ಸಾಕಾಗಿತ್ತು. 1946ರಲ್ಲಿ ಲಾಸ್ ಏಂಜಲೀಸ್ ರಾಮ್ಸ್ ತಂಡ ಕೆನ್ನಿ ವಾಷಿಂಗ್ಟನ್ ಮತ್ತು ವುಡಿ ಸ್ಟ್ರೋಡ್ ಅವರನ್ನು ಸೇರಿಸಿಕೊಂಡು ಈ ಬೇಲಿ ಮುರಿಯಿತು. 1949ರಲ್ಲಿ ಗ್ರ್ಯಾಂಬ್ಲಿಂಗ್‌ನ ಟ್ಯಾಂಕ್ ಯಂಗರ್ ಅದೇ ತಂಡ ಸೇರಿದರು. ಕಪ್ಪು ಕಾಲೇಜಿನಿಂದ ಎನ್‌ಎಫ್‌ಎಲ್‌ಗೆ ಬಂದ ಮೊದಲಿಗರು ಅವರು. ವಾಷಿಂಗ್ಟನ್ ತಂಡ ಮಾತ್ರ 1962ರವರೆಗೂ ಹಟ ಬಿಡಲಿಲ್ಲ. ಉಳಿದ ತಂಡಗಳು ಕೆಲವು ಕಪ್ಪು ಆಟಗಾರರನ್ನು ತೆಗೆದುಕೊಂಡರೂ ದೊಡ್ಡ ವಿಶ್ವವಿದ್ಯಾಲಯಗಳನ್ನು ಬಿಟ್ಟು ಆಚೆ ಹುಡುಕುವುದು ಅಪರೂಪವಾಗಿತ್ತು.

ಪತ್ರಿಕೆಯ ಮನೆ

ಬಿಲ್ ನನ್ ಹುಟ್ಟಿದ್ದು 1924ರ ಸೆಪ್ಟೆಂಬರ್ 30ರಂದು, ಪಿಟ್ಸ್‌ಬರ್ಗ್‌ನಲ್ಲಿ. ತಂದೆ 'ಪಿಟ್ಸ್‌ಬರ್ಗ್ ಕೊರಿಯರ್' ಪತ್ರಿಕೆಯ ವ್ಯವಸ್ಥಾಪಕ ಸಂಪಾದಕರು. ಹಾಗಾಗಿ ಮನೆಯ ಊಟದ ಮೇಜಿನ ಮೇಲೂ ಸುದ್ದಿಯೇ ಇರುತ್ತಿತ್ತು ಎಂದು ಧಾರಾಳವಾಗಿ ಊಹಿಸಬಹುದು. ಕೊರಿಯರ್ ಬರೀ ಊರಿನ ಪತ್ರಿಕೆಯಾಗಿರಲಿಲ್ಲ. ರಾಬರ್ಟ್ ವಾನ್ ಅವರ ಕೈಯಲ್ಲಿ ಬೆಳೆದು ದೇಶದ ಕಪ್ಪು ಜನರ ಅತಿ ದೊಡ್ಡ ವಾರಪತ್ರಿಕೆಗಳಲ್ಲಿ ಒಂದಾಗಿ, 1940ರ ದಶಕದಲ್ಲಿ ವಾರಕ್ಕೆ ಮೂರೂವರೆ ಲಕ್ಷ ಪ್ರತಿಗಳ ಗಡಿ ಮುಟ್ಟಿತ್ತು. ದಕ್ಷಿಣದ ಊರುಗಳಲ್ಲಿ ಅದನ್ನು ಬಹಿರಂಗವಾಗಿ ಹಂಚುವುದು ಅಪಾಯವಾದಾಗ ಪುಲ್‌ಮನ್ ರೈಲುಗಳ ಕಪ್ಪು ಪರಿಚಾರಕರು ಕಟ್ಟುಗಳನ್ನು ಗುಟ್ಟಾಗಿ ಸಾಗಿಸುತ್ತಿದ್ದರು. 1942ರಲ್ಲಿ ಪತ್ರಿಕೆ 'ಡಬಲ್ ವಿ' ಎಂಬ ಚಳವಳಿ ಆರಂಭಿಸಿತು. ಹೊರಗೆ ಫ್ಯಾಸಿಸಂ ವಿರುದ್ಧ ಗೆಲುವು, ಒಳಗೆ ವರ್ಣಭೇದದ ವಿರುದ್ಧ ಗೆಲುವು, ಎರಡೂ ಬೇಕು ಎಂಬುದು ಅದರ ಘೋಷಣೆ. ಬೇಸ್‌ಬಾಲ್‌ನ ಬಣ್ಣದ ಬೇಲಿ ಮುರಿಯಲು ಜಾಕಿ ರಾಬಿನ್ಸನ್ ಹೆಸರನ್ನು ಬ್ರೂಕ್ಲಿನ್ ತಂಡಕ್ಕೆ ಸೂಚಿಸಿದ ವೆಂಡೆಲ್ ಸ್ಮಿತ್ ಕೂಡ ಇದೇ ಪತ್ರಿಕೆಯ ಕ್ರೀಡಾ ಲೇಖಕರು.

ಈ ಮನೆಯ ಮಗ ಮೊದಲು ಆಟಗಾರ. ವೆಸ್ಟಿಂಗ್‌ಹೌಸ್ ಹೈಸ್ಕೂಲಿನಲ್ಲಿ ಬಾಸ್ಕೆಟ್‌ಬಾಲ್ ಆಡಿ ಹೆಸರು ಮಾಡಿ, ವೆಸ್ಟ್ ವರ್ಜೀನಿಯಾ ಸ್ಟೇಟ್ ಸೇರಿದರು. ಅಲ್ಲಿ ಜತೆಗಾರರಾಗಿದ್ದ ಅರ್ಲ್ ಲಾಯ್ಡ್ 1950ರಲ್ಲಿ ಎನ್‌ಬಿಎ ಪಂದ್ಯವೊಂದರಲ್ಲಿ ಆಡಿದ ಮೊದಲ ಕಪ್ಪು ಆಟಗಾರರಾದರು. ಬಿಲ್ ಅವರನ್ನೂ ಪ್ರಸಿದ್ಧ ಹಾರ್ಲೆಮ್ ಗ್ಲೋಬ್‌ಟ್ರಾಟರ್ಸ್ ತಂಡ ಕರೆದಿತ್ತು. 1948ರಲ್ಲಿ ಪದವಿ ಮುಗಿಸಿದ ಅವರು ಆ ಕರೆಗೆ ಒಲ್ಲೆನೆಂದು ಕೊರಿಯರ್ ಕಚೇರಿಗೆ ಹೋದರು. ಕ್ರೀಡಾ ವರದಿಗಾರ, ಕ್ರೀಡಾ ಸಂಪಾದಕ, ಕೊನೆಗೆ ತಂದೆಯಂತೆ ವ್ಯವಸ್ಥಾಪಕ ಸಂಪಾದಕ ಎಂದು ಅಲ್ಲಿ ಮೇಲೇರಿದರು.

ಪಟ್ಟಿ ಮಾಡುವ ಕೆಲಸ

ಕಪ್ಪು ಕಾಲೇಜುಗಳ ಅತ್ಯುತ್ತಮ ಆಟಗಾರರನ್ನು ಆರಿಸಿ ಕೊರಿಯರ್ ಪ್ರತಿವರ್ಷ 'ಆಲ್ ಅಮೆರಿಕ' ತಂಡ ಎಂದು ಪ್ರಕಟಿಸುತ್ತಿತ್ತು. ದೊಡ್ಡ ಪತ್ರಿಕೆಗಳ ಇಂಥ ಪಟ್ಟಿಗಳಲ್ಲಿ ಆ ಹುಡುಗರ ಹೆಸರು ಬರುತ್ತಲೇ ಇರಲಿಲ್ಲವಾದ್ದರಿಂದ ಇದು ಅವರ ಪಾಲಿಗೆ ದೊಡ್ಡ ಮನ್ನಣೆ. 1950ರಿಂದ ಈ ಪಟ್ಟಿಯ ಹೊಣೆ ಬಿಲ್ ನನ್ ಅವರದಾಯಿತು. ಕಚೇರಿಯಲ್ಲಿ ಕೂತು ಅಂಕಿಅಂಶ ತರಿಸಿಕೊಂಡು ಪಟ್ಟಿ ಮಾಡಿದ್ದರೆ ಯಾರೂ ಕೇಳುತ್ತಿರಲಿಲ್ಲ. ಅವರು ಹೊರಟು ನಿಂತರು. ಶರತ್ಕಾಲ ಬಂತೆಂದರೆ ದಕ್ಷಿಣದ ಕಾಲೇಜು ಮೈದಾನಗಳ ಅಂಚಿನಲ್ಲಿ ಅವರನ್ನು ಕಾಣಬಹುದಿತ್ತು.

ಆ ಪ್ರಯಾಣ ಸುಲಭದ್ದಲ್ಲ. 1964ರ ನಾಗರಿಕ ಹಕ್ಕುಗಳ ಕಾಯ್ದೆ ಬರುವವರೆಗೆ ದಕ್ಷಿಣದ ಬಿಳಿಯರ ಹೋಟೆಲುಗಳಲ್ಲಿ ಕಪ್ಪು ಪ್ರಯಾಣಿಕನಿಗೆ ಕೋಣೆ ಸಿಗುತ್ತಿರಲಿಲ್ಲ, ಊಟದ ಮೇಜು ಸಿಗುತ್ತಿರಲಿಲ್ಲ. ಪರಿಚಯದವರ ಮನೆ, ಕಾಲೇಜಿನ ಆವರಣ, ಕಪ್ಪು ಜನರೇ ನಡೆಸುವ ವಸತಿಗೃಹಗಳೇ ದಿಕ್ಕು. ಆದರೆ ಇದೇ ಕಷ್ಟ ಅವರಿಗೆ ಬೇರೆ ಯಾರಿಗೂ ಸಿಗದ ಸಂಪತ್ತನ್ನು ಕೊಟ್ಟಿತು. ಗ್ರ್ಯಾಂಬ್ಲಿಂಗ್‌ನ ಎಡ್ಡಿ ರಾಬಿನ್ಸನ್, ಫ್ಲಾರಿಡಾ ಎ ಅಂಡ್ ಎಂ ಕಾಲೇಜಿನ ಜೇಕ್ ಗೇದರ್ ಅವರಂಥ ಕೋಚ್‌ಗಳ ಜತೆ ವರ್ಷಗಳ ಒಡನಾಟ ಬೆಳೆಯಿತು. ಯಾವ ಹುಡುಗ ಗಾಯದಿಂದ ಹಿಂದೆ ಬಿದ್ದಿದ್ದಾನೆ, ಯಾರು ಇನ್ನೂ ಬೆಳೆಯಬಲ್ಲ, ಯಾರಿಗೆ ಆಟದ ಬುದ್ಧಿ ಹೆಚ್ಚು ಎಂಬುದನ್ನು ಕೋಚ್‌ಗಳು ನಂಬಿದವರಿಗೆ ಮಾತ್ರ ಹೇಳುತ್ತಾರೆ. ಹದಿನೈದು ವರ್ಷಗಳಲ್ಲಿ ಬಿಲ್ ನನ್ ಅವರ ತಲೆಯಲ್ಲಿ ಇಡೀ ಕಪ್ಪು ಕಾಲೇಜು ಫುಟ್‌ಬಾಲ್‌ನ ನಕ್ಷೆ ಇತ್ತು.

ಪಟ್ಟಿ ಪ್ರಕಟವಾದ ಮೇಲೆ ಪಿಟ್ಸ್‌ಬರ್ಗ್‌ನಲ್ಲಿ ಸನ್ಮಾನದ ಔತಣಕೂಟ ನಡೆಯುತ್ತಿತ್ತು. ಕೆಲವು ದೂರದ ತಂಡಗಳು ಪಟ್ಟಿ ಓದಿ ಫೋನ್ ಮಾಡಿ ವಿಚಾರಿಸುತ್ತಿದ್ದವು. ಅದೇ ಊರಿನ ಸ್ಟೀಲರ್ಸ್ ಮಾತ್ರ ಕೇಳಲಿಲ್ಲ. ಇದು ಬಿಲ್ ನನ್ ಅವರ ಮನಸ್ಸಿನಲ್ಲಿ ಉಳಿಯಿತು. ತಂಡದ ಕಚೇರಿಯ ಕಡೆ ತಲೆ ಹಾಕುವುದನ್ನೇ ಬಿಟ್ಟರು.

ರೂನಿಯ ಕರೆ

1960ರ ದಶಕದ ನಡುವಿನಲ್ಲಿ ಆರ್ಟ್ ರೂನಿ ಅವರ ಹಿರಿಯ ಮಗ ಡ್ಯಾನ್ ರೂನಿ ತಂಡದ ಆಡಳಿತ ಕೈಗೆ ತೆಗೆದುಕೊಳ್ಳುತ್ತಿದ್ದರು. ಕೊರಿಯರ್‌ನ ಇನ್ನೊಬ್ಬ ಕ್ರೀಡಾ ಲೇಖಕ ರಿಕ್ ರಾಬರ್ಟ್ಸ್ ಮೂಲಕ ಬಿಲ್ ನನ್ ಅವರ ಅಸಮಾಧಾನ ಡ್ಯಾನ್ ಕಿವಿಗೆ ಬಿತ್ತು. ಡ್ಯಾನ್ ಅವರನ್ನು ಮಾತಿಗೆ ಕರೆದರು. ಬಿಲ್ ನನ್ ಮುಚ್ಚುಮರೆಯಿಲ್ಲದೆ ಹೇಳಿದರು: ನಿಮ್ಮ ತಂಡ ನಡೆಯುವ ರೀತಿ ನನಗೆ ಹಿಡಿಸುವುದಿಲ್ಲ, ಹೀಗೇ ಇದ್ದರೆ ನೀವು ಗೆಲ್ಲುವವರೂ ಅಲ್ಲ ಎಂಬುದು ಅವರ ಮಾತಿನ ಸಾರ. ಟೀಕೆ ಕೇಳಿದ ಡ್ಯಾನ್ ರೂನಿ ಹಾಗಾದರೆ ನೀವೇ ಬಂದು ಸರಿಪಡಿಸಿ ಎಂದರು. ಇಬ್ಬರಿಗೂ ಇದು ಗೌರವ ತರುವ ಘಟನೆ. ಹೇಳಬೇಕಾದ್ದನ್ನು ಅಧಿಕಾರದ ಮುಖಕ್ಕೆ ಒಬ್ಬರು ಹೇಳಿದರು, ಹೇಳಿದವರ ಕೈಗೇ ಇನ್ನೊಬ್ಬರು ಕೆಲಸ ಕೊಟ್ಟರು.

1967ರಲ್ಲಿ ಬಿಲ್ ನನ್ ಅರೆಕಾಲಿಕ ಸ್ಕೌಟ್ ಆಗಿ ಸೇರಿದರು. ಕೊರಿಯರ್‌ನ ಸ್ಥಿತಿ ಆಗ ಇಳಿಮುಖವಾಗಿತ್ತು. ಹಿಂದಿನ ವರ್ಷವಷ್ಟೇ ಪತ್ರಿಕೆ ಷಿಕಾಗೋದ ಜಾನ್ ಸೆಂಗ್‌ಸ್ಟಾಕ್ ಅವರ ಒಡೆತನಕ್ಕೆ ಹೋಗಿತ್ತು. 1969ರಲ್ಲಿ ಬಿಲ್ ನನ್ ಪೂರ್ಣಾವಧಿಗೆ ತಂಡದ ಕೆಲಸಕ್ಕೆ ಬಂದರು. ಮುಂದೆ ಆಟಗಾರರ ವಿಭಾಗದ ಸಹಾಯಕ ನಿರ್ದೇಶಕರಾದರು. ಎನ್‌ಎಫ್‌ಎಲ್ ತಂಡವೊಂದರ ಕಚೇರಿಯಲ್ಲಿ ಅಂಥ ಜವಾಬ್ದಾರಿ ಹೊತ್ತ ಮೊದಲ ಕೆಲವೇ ಕಪ್ಪು ಅಧಿಕಾರಿಗಳಲ್ಲಿ ಅವರು ಒಬ್ಬರು.

ಈ ದಾರಿಯಲ್ಲಿ ನಡೆದವರು ಅವರೊಬ್ಬರೇ ಅಲ್ಲ ಎಂಬುದನ್ನೂ ಹೇಳಬೇಕು. 1960ರಲ್ಲಿ ಆಟ ಶುರುಮಾಡಿದ ಎಎಫ್‌ಎಲ್ ಎಂಬ ಪ್ರತಿಸ್ಪರ್ಧಿ ಲೀಗ್ ಆಟಗಾರರಿಗಾಗಿ ಕಪ್ಪು ಕಾಲೇಜುಗಳ ಬಾಗಿಲು ತಟ್ಟಿತ್ತು. ಹ್ಯೂಸ್ಟನ್‌ನ ಕಪ್ಪು ಪತ್ರಿಕೋದ್ಯಮದಿಂದಲೇ ಬಂದ ಲಾಯ್ಡ್ ವೆಲ್ಸ್ ಕಾನ್ಸಸ್ ಸಿಟಿ ಚೀಫ್ಸ್ ತಂಡಕ್ಕೆ ಸ್ಕೌಟ್ ಆಗಿ ದುಡಿದರು. ಆ ತಂಡ 1970ರ ಜನವರಿಯಲ್ಲಿ ಸೂಪರ್ ಬೌಲ್ ಗೆದ್ದಾಗ ಅದರಲ್ಲಿ ಕಪ್ಪು ಕಾಲೇಜುಗಳ ಹಲವು ಆಟಗಾರರಿದ್ದರು. ಹಳೆಯ ಲೀಗಿನ ಒಂದು ಸೋಲುಬುರುಕ ತಂಡದಲ್ಲಿ ಅದೇ ಕೆಲಸವನ್ನು ವರ್ಷದಿಂದ ವರ್ಷಕ್ಕೆ ತಾಳ್ಮೆಯಿಂದ ಮಾಡಿದವರು ಬಿಲ್ ನನ್.

ಕೆಳಗಿನ ಸುತ್ತುಗಳ ಫಸಲು

1969ರ ಜನವರಿಯಲ್ಲಿ ಚಕ್ ನೊಲ್ ಕೋಚ್ ಆಗಿ ಬಂದರು. ಮೊದಲ ಋತುವಿನಲ್ಲಿ ತಂಡ ಒಂದು ಪಂದ್ಯ ಗೆದ್ದು ಹದಿಮೂರು ಸೋತಿತು. ಆದರೂ ನೊಲ್ ಒಂದು ನಿರ್ಧಾರಕ್ಕೆ ಅಂಟಿಕೊಂಡರು: ಹಳೆಯ ಆಟಗಾರರನ್ನು ಕೊಂಡು ತುಂಬುವುದಿಲ್ಲ, ಡ್ರಾಫ್ಟ್‌ನಿಂದಲೇ ಹೊಸಬರನ್ನು ತಂದು ಬೆಳೆಸುತ್ತೇವೆ. ಆಟಗಾರನ ಬಣ್ಣ, ಕಾಲೇಜಿನ ಹೆಸರು ಅವರಿಗೆ ಮುಖ್ಯವಾಗಿರಲಿಲ್ಲ. ಡ್ಯಾನ್ ಅವರ ತಮ್ಮ ಆರ್ಟ್ ರೂನಿ ಜೂನಿಯರ್ ಸ್ಕೌಟಿಂಗ್ ವಿಭಾಗ ನೋಡಿಕೊಳ್ಳುತ್ತಿದ್ದರು. ಹೀಗೆ ತಂದವರನ್ನು ಬೆಳೆಸುವ ಕೋಚ್, ಕೇಳಿಸಿಕೊಳ್ಳುವ ಆಡಳಿತ ಎರಡೂ ಒದಗಿದಾಗ ಬಿಲ್ ನನ್ ಅವರ ತಿಳಿವಳಿಕೆಗೆ ನೆಲ ಸಿಕ್ಕಿತು.

1969ರ ಡ್ರಾಫ್ಟ್‌ನ ಹತ್ತನೇ ಸುತ್ತಿನಲ್ಲಿ ಅರ್ಕನ್ಸಾದ ಎಎಂ ಅಂಡ್ ಎನ್ ಕಾಲೇಜಿನ ಎಲ್.ಸಿ. ಗ್ರೀನ್‌ವುಡ್ ಬಂದರು. ಆರೂವರೆ ಅಡಿ ಎತ್ತರದ ಈ ರಕ್ಷಣಾ ಆಟಗಾರ ಮುಂದೆ ಆರು ಸಲ ಲೀಗಿನ ತಾರಾ ಪಂದ್ಯಕ್ಕೆ ಆಯ್ಕೆಯಾದರು. 1970ರ ಮೂರನೇ ಸುತ್ತಿನಲ್ಲಿ ಸದರ್ನ್ ವಿಶ್ವವಿದ್ಯಾಲಯದ ಮೆಲ್ ಬ್ಲಂಟ್ ಬಂದರು. 1971ರಲ್ಲಿ ಗ್ರ್ಯಾಂಬ್ಲಿಂಗ್‌ನ ಫ್ರ್ಯಾಂಕ್ ಲೂಯಿಸ್ ಮೊದಲ ಸುತ್ತಿನಲ್ಲೂ ಟೆಕ್ಸಾಸ್ ಸದರ್ನ್ ಕಾಲೇಜಿನ ಅರ್ನಿ ಹೋಮ್ಸ್ ಎಂಟನೇ ಸುತ್ತಿನಲ್ಲೂ ಸಿಕ್ಕರು. ಫ್ಲಾರಿಡಾ ಎ ಅಂಡ್ ಎಂ ಕಾಲೇಜಿನ ಗ್ಲೆನ್ ಎಡ್ವರ್ಡ್ಸ್ ಅವರನ್ನು ಯಾವ ತಂಡವೂ ಆರಿಸಿರಲಿಲ್ಲ. ಅವರೂ ಸ್ಟೀಲರ್ಸ್ ಸೇರಿದರು. 1972ರ ಹನ್ನೊಂದನೇ ಸುತ್ತಿನಲ್ಲಿ ಟೆನೆಸಿ ಸ್ಟೇಟ್‌ನ ಕ್ವಾರ್ಟರ್‌ಬ್ಯಾಕ್ ಜೋ ಗಿಲಿಯಮ್ ಬಂದರು.

ಈ ಸುತ್ತಿನ ಸಂಖ್ಯೆಗಳನ್ನು ಗಮನಿಸಬೇಕು. ಹತ್ತನೇ ಸುತ್ತಿಗೆ ಗ್ರೀನ್‌ವುಡ್ ಉಳಿದಿದ್ದರು ಎಂದರೆ ಎಲ್ಲ ತಂಡಗಳೂ ಮತ್ತೆ ಮತ್ತೆ ಅವರನ್ನು ದಾಟಿ ಹೋಗಿದ್ದವು ಎಂದರ್ಥ. ದೊಡ್ಡ ವಿಶ್ವವಿದ್ಯಾಲಯದ ಜೆರ್ಸಿ ತೊಟ್ಟಿದ್ದರೆ ಅಷ್ಟು ಕೆಳಗೆ ಇಳಿಯುತ್ತಿದ್ದರೇ ಎಂಬ ಪ್ರಶ್ನೆಗೆ ಅವರ ಮುಂದಿನ ಆಟವೇ ಉತ್ತರ. ಗ್ರೀನ್‌ವುಡ್, ಹೋಮ್ಸ್, ಜೋ ಗ್ರೀನ್, ಡ್ವೈಟ್ ವೈಟ್ ಈ ನಾಲ್ವರ ಮುಂಚೂಣಿಯನ್ನೇ ಅಮೆರಿಕ 'ಉಕ್ಕಿನ ಪರದೆ' ಎಂದು ಕರೆಯಿತು. ಬ್ಲಂಟ್ ಎದುರಾಳಿಯ ಚೆಂಡು ಹಿಡಿಯುವವರನ್ನು ಎಷ್ಟು ಬಿಗಿಯಾಗಿ ತಡೆಯುತ್ತಿದ್ದರೆಂದರೆ 1978ರಲ್ಲಿ ಲೀಗ್ ಆ ತಡೆಗೆ ಮಿತಿ ಹೇರುವ ನಿಯಮ ತಂದಿತು. ಅದಕ್ಕೆ ಇವತ್ತಿಗೂ 'ಮೆಲ್ ಬ್ಲಂಟ್ ನಿಯಮ' ಎಂಬ ಹೆಸರಿದೆ.

1974

ಅಲಬಾಮಾ ರಾಜ್ಯದ ಟಸ್ಕಲೂಸಾ ಊರಿನಲ್ಲಿ ರಾಜ್ಯದ ಹೆಮ್ಮೆಯ ಅಲಬಾಮಾ ವಿಶ್ವವಿದ್ಯಾಲಯವಿದೆ. ಅದೇ ಊರಿನಲ್ಲಿ ಹುಟ್ಟಿದ ಜಾನ್ ಸ್ಟಾಲ್‌ವರ್ತ್ 1970ರಲ್ಲಿ ಹೈಸ್ಕೂಲು ಮುಗಿಸಿದಾಗ ಆ ವಿಶ್ವವಿದ್ಯಾಲಯದ ಪರ ಒಬ್ಬ ಕಪ್ಪು ಆಟಗಾರನೂ ಪಂದ್ಯ ಆಡಿರಲಿಲ್ಲ. ಅದಕ್ಕೆ 1971ರವರೆಗೆ ಕಾಯಬೇಕಾಯಿತು. ಸ್ಟಾಲ್‌ವರ್ತ್ ಹಂಟ್ಸ್‌ವಿಲ್‌ನ ಅಲಬಾಮಾ ಎ ಅಂಡ್ ಎಂ ಸೇರಿ, ಚೆಂಡು ಹಿಡಿಯುವುದರಲ್ಲಿ ಪಳಗಿದರು.

ಆ ಕಾಲದಲ್ಲಿ ಹಲವು ತಂಡಗಳು ಸೇರಿ ಖರ್ಚು ಹಂಚಿಕೊಂಡು ಸ್ಕೌಟ್‌ಗಳನ್ನು ಒಟ್ಟಿಗೆ ಕಳಿಸುವ ಪದ್ಧತಿಯಿತ್ತು. ಹಂಟ್ಸ್‌ವಿಲ್‌ಗೆ ಹೋದ ಅಂಥ ಗುಂಪಿನಲ್ಲಿ ಬಿಲ್ ನನ್ ಇದ್ದರು. ಮಳೆಯಿಂದ ಮೈದಾನ ಒದ್ದೆ. ಸ್ಟಾಲ್‌ವರ್ತ್ ಅವರ ಓಟದ ವೇಳೆ ನಿಧಾನ ಎಂದು ದಾಖಲಾಯಿತು. ಉಳಿದವರು ಮುಂದಿನ ಊರಿಗೆ ಹೊರಟಾಗ ಬಿಲ್ ನನ್ ಮೈ ಸರಿಯಿಲ್ಲ ಎಂದು ಹಿಂದೆ ಉಳಿದರು. ಮರುದಿನ ಒಣ ನೆಲದ ಮೇಲೆ ಆ ಹುಡುಗನನ್ನು ಮತ್ತೆ ಓಡಿಸಿದರು. ವೇಗ ಬೇರೆಯೇ ಇತ್ತು. ಸ್ಟಾಲ್‌ವರ್ತ್ ಆಟದ ಫಿಲ್ಮ್ ಸುರುಳಿಯನ್ನೂ ಅವರು ಪಡೆದುಕೊಂಡರು, ಅದು ಬೇರೆ ತಂಡಗಳ ಕೈಗೆ ಸುಲಭವಾಗಿ ಹೋಗಲಿಲ್ಲ ಎಂದು ಸ್ಟೀಲರ್ಸ್‌ನವರು ಇಂದಿಗೂ ಹೇಳುತ್ತಾರೆ. ಕಾಲೇಜು ಅವರನ್ನು ನಂಬದಿದ್ದರೆ ಇದು ಆಗುವ ಕೆಲಸವಾಗಿರಲಿಲ್ಲ.

1974ರ ಜನವರಿ ಕೊನೆಯಲ್ಲಿ ಡ್ರಾಫ್ಟ್ ನಡೆಯಿತು. ಫಿಲ್ಮ್ ನೋಡಿದ್ದ ನೊಲ್‌ಗೆ ಸ್ಟಾಲ್‌ವರ್ತ್ ಅವರನ್ನು ಮೊದಲ ಸುತ್ತಿನಲ್ಲೇ ತೆಗೆದುಕೊಳ್ಳುವ ಆಸೆ. ಸ್ಕೌಟಿಂಗ್ ವಿಭಾಗ ತಡೆಯಿತು: ಆ ಹುಡುಗನ ಬೆಲೆ ಬೇರೆಯವರಿಗೆ ತಿಳಿದಿಲ್ಲ, ಕಾಯೋಣ. ಮೊದಲ ಸುತ್ತಿನಲ್ಲಿ ಲಿನ್ ಸ್ವಾನ್, ಎರಡನೆಯದರಲ್ಲಿ ಜಾಕ್ ಲ್ಯಾಂಬರ್ಟ್ ಬಂದರು. ಮೂರನೇ ಸುತ್ತಿನ ಸರದಿಯನ್ನು ತಂಡ ಮೊದಲೇ ಬೇರೆಯವರಿಗೆ ಬಿಟ್ಟುಕೊಟ್ಟಿತ್ತು. ಆ ಸುತ್ತು ಮುಗಿಯುವವರೆಗೆ ಸುಮ್ಮನೆ ಕೂರುವುದಲ್ಲದೆ ಬೇರೆ ದಾರಿಯಿರಲಿಲ್ಲ. ನಾಲ್ಕನೇ ಸುತ್ತಿನಲ್ಲಿ, ಒಟ್ಟಾರೆ 82ನೆಯವರಾಗಿ, ಸ್ಟಾಲ್‌ವರ್ತ್ ಸ್ಟೀಲರ್ಸ್ ಪಾಲಾದರು. ಐದನೆಯದರಲ್ಲಿ ಮೈಕ್ ವೆಬ್‌ಸ್ಟರ್. ಈ ನಾಲ್ವರೂ ಮುಂದೆ ಕ್ಯಾಂಟನ್ ನಗರದ ವೃತ್ತಿಪರ ಫುಟ್‌ಬಾಲ್ ಕೀರ್ತಿಮಂದಿರ ಸೇರಿದರು. ಒಂದೇ ಡ್ರಾಫ್ಟ್‌ನಲ್ಲಿ ಒಂದು ತಂಡಕ್ಕೆ ಇಂಥ ಫಸಲು ಬೇರೆಂದೂ ಬಂದಿಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. 26 ತಂಡಗಳು ಹದಿನೇಳು ಸುತ್ತುಗಳಲ್ಲಿ 442 ಹೆಸರು ಕೂಗಿದರೂ ಸೌತ್ ಕ್ಯಾರೊಲಿನಾ ಸ್ಟೇಟ್‌ನ ಡಾನಿ ಶೆಲ್ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ಆರೆಂಜ್‌ಬರ್ಗ್ ಊರಿನ ಆ ಕಾಲೇಜಿನ ಆವರಣದಲ್ಲೇ 1968ರ ಫೆಬ್ರುವರಿಯಲ್ಲಿ ವರ್ಣಭೇದದ ವಿರುದ್ಧ ಪ್ರತಿಭಟಿಸುತ್ತಿದ್ದ ತರುಣರ ಮೇಲೆ ಪೊಲೀಸರು ಗುಂಡು ಹಾರಿಸಿ ಮೂವರನ್ನು ಕೊಂದಿದ್ದರು. ಅಲ್ಲಿಂದ ಬಂದ ಶೆಲ್‌ಗೆ ತಾನು ಆಡುತ್ತಿದ್ದ ಸ್ಥಾನಕ್ಕೆ ಬೇಕಾದ ಎತ್ತರ ಇಲ್ಲ ಎಂಬುದು ಉಳಿದವರ ಲೆಕ್ಕ. ಶೆಲ್ ಅವರನ್ನು ಬಿಲ್ ನನ್ ಬಲ್ಲವರಾಗಿದ್ದರು. ಶೆಲ್ ಸ್ಟೀಲರ್ಸ್‌ಗೆ ಸಹಿ ಹಾಕಿ, ಬೇರೆ ಸ್ಥಾನದಲ್ಲಿ ನಿಂತು, ವೃತ್ತಿಯುದ್ದಕ್ಕೂ 51 ಸಲ ಎದುರಾಳಿಯ ಎಸೆತಗಳನ್ನು ಕಸಿದರು. ಆ ಬೇಸಿಗೆಯಲ್ಲಿ ಲೀಗಿನ ಹಿರಿಯ ಆಟಗಾರರು ಮುಷ್ಕರ ಹೂಡಿದ್ದರು. ಅದರಿಂದ ತರಬೇತಿ ಶಿಬಿರದಲ್ಲಿ ಹೊಸಬರ ಮೇಲೆ ಕೋಚ್‌ಗಳ ಕಣ್ಣು ಹೆಚ್ಚು ಹೊತ್ತು ನಿಂತಿತು. ಶೆಲ್ ಅವರಂಥವರಿಗೆ ಅದು ವರವಾಯಿತು.

ಅದೇ ಶಿಬಿರದಲ್ಲಿ ಮಿಂಚಿದ ಜೋ ಗಿಲಿಯಮ್ ಆ ಋತುವಿನ ಮೊದಲ ಆರು ಪಂದ್ಯಗಳನ್ನು ಆರಂಭಿಕ ಕ್ವಾರ್ಟರ್‌ಬ್ಯಾಕ್ ಆಗಿ ಆಡಿದರು. ಕ್ವಾರ್ಟರ್‌ಬ್ಯಾಕ್ ಎಂದರೆ ತಂಡದ ಬುದ್ಧಿ, ಆ ಕೆಲಸ ಕಪ್ಪು ಜನರಿಂದ ಆಗದು ಎಂದು ಬಹಿರಂಗವಾಗಿಯೇ ನಂಬಿದ್ದ ಕಾಲ ಅದು. ತಂಡ ನಾಲ್ಕು ಗೆದ್ದು, ಒಂದು ಸೋತು, ಒಂದು ಸಮ ಮಾಡಿಕೊಂಡರೂ ಗಿಲಿಯಮ್‌ಗೆ ದ್ವೇಷದ ಪತ್ರಗಳು ಬಂದವು. ಬಳಿಕ ನೊಲ್ ಬ್ರ್ಯಾಡ್‌ಶಾ ಕಡೆ ವಾಲಿದರು. ಗಿಲಿಯಮ್ ಮಾದಕ ವ್ಯಸನಕ್ಕೆ ಸಿಕ್ಕಿ ವರ್ಷಗಟ್ಟಲೆ ನರಳಿ, 2000ದ ಡಿಸೆಂಬರಿನಲ್ಲಿ ತೀರಿಕೊಂಡರು. ಬಾಗಿಲು ತೆರೆದ ಮಾತ್ರಕ್ಕೆ ಒಳಗಿನ ಮನೆ ಬದಲಾಗುವುದಿಲ್ಲ ಎಂಬುದಕ್ಕೆ ಅವರ ಬದುಕು ಸಾಕ್ಷಿ.

1975ರ ಜನವರಿ 12ರಂದು ನ್ಯೂ ಆರ್ಲಿಯನ್ಸ್‌ನಲ್ಲಿ ಸ್ಟೀಲರ್ಸ್ ತನ್ನ ಮೊದಲ ಸೂಪರ್ ಬೌಲ್ ಆಡಿತು. ಎದುರಿಗೆ ಮಿನೆಸೋಟಾ ವೈಕಿಂಗ್ಸ್. ಉಕ್ಕಿನ ಪರದೆಯ ಎದುರು ವೈಕಿಂಗ್ಸ್ ಇಡೀ ಪಂದ್ಯದಲ್ಲಿ ಓಡಿ ಗಳಿಸಿದ್ದು ಹದಿನೇಳೇ ಗಜ. 16-6ರ ಗೆಲುವಿನೊಂದಿಗೆ ರೂನಿ ಕುಟುಂಬದ ನಾಲ್ಕು ದಶಕಗಳ ಕಾಯುವಿಕೆ ಮುಗಿಯಿತು. ಮರುವರ್ಷ ಡಲ್ಲಾಸ್ ವಿರುದ್ಧ ಎರಡನೇ ಪ್ರಶಸ್ತಿ. 1979ರ ಜನವರಿಯಲ್ಲಿ ಮತ್ತೆ ಡಲ್ಲಾಸ್ ವಿರುದ್ಧ 35-31. ಅದರಲ್ಲಿ ಸ್ಟಾಲ್‌ವರ್ತ್ ಎರಡು ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಗೆರೆ ದಾಟಿಸಿ ಪಡೆಯುವ ಅಂಕ) ಗಳಿಸಿದರು. 1980ರ ಜನವರಿಯಲ್ಲಿ ರಾಮ್ಸ್ ವಿರುದ್ಧ ಹಿಂದೆ ಬಿದ್ದಿದ್ದಾಗ 73 ಗಜದ ಎಸೆತ ಹಿಡಿದು ತಂಡಕ್ಕೆ ಮುನ್ನಡೆ ತಂದುಕೊಟ್ಟವರೂ ಸ್ಟಾಲ್‌ವರ್ತ್.

ಗೆಲುವಿನ ಬೆಲೆ

ಇಲ್ಲಿಗೆ ಕತೆ ಮುಗಿಸಿದರೆ ಅರ್ಧ ಸತ್ಯ ಹೇಳಿದಂತೆ. 1970ರ ಸೆಪ್ಟೆಂಬರಿನಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮಿಶ್ರ ವರ್ಣದ ತಂಡ ಬರ್ಮಿಂಗ್‌ಹ್ಯಾಮ್‌ಗೆ ಬಂದು ಬಿಳಿಯರಷ್ಟೇ ಆಡುತ್ತಿದ್ದ ಅಲಬಾಮಾ ತಂಡವನ್ನು 42-21ರಿಂದ ಸೋಲಿಸಿತು. ದಕ್ಷಿಣದ ವಿಶ್ವವಿದ್ಯಾಲಯಗಳು ಒಂದೊಂದಾಗಿ ಕಪ್ಪು ಆಟಗಾರರಿಗೆ ಬಾಗಿಲು ತೆರೆದವು. ಇದು ನ್ಯಾಯದ ಗೆಲುವು. ಕೊರಿಯರ್ ಹೋರಾಡಿದ್ದೂ ಇದಕ್ಕೇ. ಆದರೆ ಇದರ ಬೆಲೆ ತೆತ್ತವು ಕಪ್ಪು ಕಾಲೇಜುಗಳು. ದೊಡ್ಡ ಮೈದಾನ, ದೊಡ್ಡ ಅನುದಾನ, ಟಿ.ವಿ. ಪ್ರಸಾರ ಇದ್ದ ಕಡೆಗೆ ಒಳ್ಳೆಯ ಆಟಗಾರರು ಹರಿದರು. ಸ್ಟಾಲ್‌ವರ್ತ್‌ನಂಥ ಹುಡುಗ ಹತ್ತು ವರ್ಷ ತಡವಾಗಿ ಹುಟ್ಟಿದ್ದರೆ ಬಹುಶಃ ತನ್ನೂರಿನ ವಿಶ್ವವಿದ್ಯಾಲಯಕ್ಕೇ ಆಡುತ್ತಿದ್ದ. ಕಪ್ಪು ಪತ್ರಿಕೆಗಳದ್ದೂ ಇದೇ ಪಾಡು. ದೊಡ್ಡ ಪತ್ರಿಕೆಗಳು ಕಪ್ಪು ಜನರ ಸುದ್ದಿ ಬರೆಯತೊಡಗಿದಂತೆ ಅವುಗಳ ಓದುಗರೂ ಬರಹಗಾರರೂ ಅತ್ತ ಹೋದರು. ಬಿಲ್ ನನ್ ಅವರ ಬದುಕು ಈ ಎರಡು ಸಂಸ್ಥೆಗಳ ಮಡಿಲಲ್ಲಿ ಬೆಳೆದದ್ದು. ಎರಡೂ ಬಡವಾಗುವುದನ್ನು ಅವರು ಕಣ್ಣಾರೆ ಕಂಡರು.

ತಡವಾಗಿ ಬಂದ ಮನ್ನಣೆ

1987ರಲ್ಲಿ ನಿವೃತ್ತರಾದರೂ ಬಿಲ್ ನನ್ ತಂಡ ಬಿಡಲಿಲ್ಲ. ಹಿರಿಯ ಸ್ಕೌಟ್ ಆಗಿ ಆಟಗಾರರ ಫಿಲ್ಮ್ ನೋಡುತ್ತ, ಕಿರಿಯರಿಗೆ ಕೆಲಸ ಕಲಿಸುತ್ತ ಉಳಿದರು. 2000ದ ನಂತರ ತಂಡ ಗೆದ್ದ ಎರಡು ಸೂಪರ್ ಬೌಲ್‌ಗಳೂ ಸೇರಿ ಅವರ ಬಳಿ ಆರು ವಿಜಯದ ಉಂಗುರಗಳಿದ್ದವು. ಅಷ್ಟರಲ್ಲಿ ಲೀಗಿನಲ್ಲೂ ಒಂದು ಬದಲಾವಣೆ ಬಂದಿತ್ತು. ಮುಖ್ಯ ಕೋಚ್ ಹುದ್ದೆ ಖಾಲಿಯಾದರೆ ಅಲ್ಪಸಂಖ್ಯಾತ ಸಮುದಾಯದ ಒಬ್ಬರನ್ನಾದರೂ ಸಂದರ್ಶಿಸಲೇಬೇಕು ಎಂಬ ನಿಯಮ 2003ರಲ್ಲಿ ಜಾರಿಯಾಯಿತು. ಅದಕ್ಕಾಗಿ ದುಡಿದ ಸಮಿತಿಯ ನೇತೃತ್ವ ಡ್ಯಾನ್ ರೂನಿ ಅವರದು, ಹಾಗಾಗಿ ಅದಕ್ಕೆ 'ರೂನಿ ನಿಯಮ' ಎಂದೇ ಹೆಸರು.

2014ರ ಏಪ್ರಿಲ್‌ನಲ್ಲಿ ಆ ವರ್ಷದ ಡ್ರಾಫ್ಟ್‌ಗೆ ಸಿದ್ಧತೆ ನಡೆಸುತ್ತಿದ್ದಾಗಲೇ ಬಿಲ್ ನನ್ ಅವರಿಗೆ ಪಾರ್ಶ್ವವಾಯು ಬಡಿಯಿತು. ಮೇ 6ರಂದು, ಡ್ರಾಫ್ಟ್‌ಗೆ ಎರಡು ದಿನ ಇರುವಾಗ, 89ನೇ ವಯಸ್ಸಿನಲ್ಲಿ ತೀರಿಕೊಂಡರು. ಕೀರ್ತಿಮಂದಿರದ ಬಾಗಿಲು ಅವರಿಗೆ ತೆರೆದದ್ದು ಅದಾಗಿ ಏಳು ವರ್ಷದ ಮೇಲೆ. 2021ರ ಆಗಸ್ಟ್‌ನಲ್ಲಿ, ಆಟಗಾರ ಅಥವಾ ಕೋಚ್ ಆಗಿ ಅಲ್ಲದೆ ಆಟಕ್ಕೆ ಕೊಟ್ಟ ಕೊಡುಗೆಗಾಗಿ ಅಲ್ಲಿ ಸ್ಥಾನ ಪಡೆದ ಮೊದಲ ಕಪ್ಪು ವ್ಯಕ್ತಿ ಅವರಾದರು. ಅದೇ ವಾರಾಂತ್ಯದಲ್ಲಿ ಡಾನಿ ಶೆಲ್ ಕೂಡ ಕೀರ್ತಿಮಂದಿರ ಸೇರಿದರು. 442 ಹೆಸರುಗಳಲ್ಲಿ ಜಾಗ ಸಿಗದವರು ಮತ್ತು ಅವರನ್ನು ಬಲ್ಲವರು, ಇಬ್ಬರಿಗೂ ಗೌರವ ಒಟ್ಟಿಗೆ ಬಂತು.

ಸ್ಟೀಲರ್ಸ್ ಇತಿಹಾಸದಲ್ಲಿ ಬಿಲ್ ನನ್ ಅವರ ಹೆಸರು ರೂನಿ ಮತ್ತು ನೊಲ್ ಅವರ ಹೆಸರಿನ ಪಕ್ಕದಲ್ಲೇ ನಿಲ್ಲಬೇಕು. ಅವರು ಹೊಸದಾಗಿ ಪ್ರತಿಭೆ ಸೃಷ್ಟಿಸಲಿಲ್ಲ. ಅದು ಹಂಟ್ಸ್‌ವಿಲ್‌ನಲ್ಲಿತ್ತು, ಆರೆಂಜ್‌ಬರ್ಗ್‌ನಲ್ಲಿತ್ತು, ಬ್ಲಂಟ್ ಓದಿದ ಬ್ಯಾಟನ್ ರೂಜ್‌ನಲ್ಲಿತ್ತು, ನೋಡಲು ಹೋಗುವವರಿರಲಿಲ್ಲ. ಯೋಗ್ಯರು ಸಿಗುತ್ತಿಲ್ಲ ಎಂದು ಯಾವುದೇ ಸಂಸ್ಥೆ ದೂರಿದಾಗ ನಾವು ಮೊದಲು ಕೇಳಬೇಕಾದ ಪ್ರಶ್ನೆಯನ್ನು ಅವರ ಬದುಕು ಕಲಿಸಿಕೊಟ್ಟಿದೆ: ನೀವು ಹುಡುಕಿದ್ದೆಲ್ಲಿ, ಕಳಿಸಿದ್ದು ಯಾರನ್ನು? ಈ ಪ್ರಶ್ನೆ ಇನ್ನೂ ಹಳತಾಗಿಲ್ಲ. ಬಿಲ್ ನನ್ ಕೀರ್ತಿಮಂದಿರ ಸೇರಿದ 2021ರಲ್ಲೇ ನಡೆದ ಡ್ರಾಫ್ಟ್‌ನಲ್ಲಿ ಒಟ್ಟು 259 ಆಟಗಾರರು ಆಯ್ಕೆಯಾದರು. ಕಪ್ಪು ಕಾಲೇಜುಗಳಿಂದ ಒಬ್ಬರೂ ಇರಲಿಲ್ಲ. ಮರುವರ್ಷ ನಾಲ್ವರು ಆಯ್ಕೆಯಾದರು. ಅವರಲ್ಲಿ ಒಬ್ಬರು ಶೆಲ್ ಓದಿದ ಸೌತ್ ಕ್ಯಾರೊಲಿನಾ ಸ್ಟೇಟ್‌ನವರು, ಇನ್ನೊಬ್ಬರು ಬ್ಲಂಟ್ ಓದಿದ ಸದರ್ನ್ ವಿಶ್ವವಿದ್ಯಾಲಯದವರು.